ಕುದಿಸಿ ನೋಡ್ರಿ, ಬಾಯಾರ

ಹಳೆಯ ಬಟ್ಟೆಗೆ ಬಣ್ಣ ಹಾಕುವುದು ನನ್ನ ಕೆಲಸ. ಹೊಸ ಬಟ್ಟೆಯನ್ನು ನಾನು ಮುಟ್ಟುವುದಿಲ್ಲ. ಹೊಸದಕ್ಕೆ ಸೊಕ್ಕು ಜಾಸ್ತಿ. ನೀರನ್ನೂ ಸರಿಯಾಗಿ ಕುಡಿಯುವುದಿಲ್ಲ, ಬಣ್ಣವನ್ನೂ ಕುಡಿಯುವುದಿಲ್ಲ. ವರ್ಷಾನುಗಟ್ಟಲೆ ಒಗೆದು ಸವೆದ ಧೋತರ, ಸೆರಗು ಹರಿದ ಸೀರೆ, ಬಂಗಲೆಯ ಮೇಜಿನ ಮೇಲೆ ಹಾಸಿ ಹಾಸಿ ಮೆತ್ತಗಾದ ಬಿಳಿ ಹಾಸು, ಇವೆಲ್ಲ ಬಾಯಾರಿದ ದನದ ಹಾಗೆ ಬಣ್ಣ ಕುಡಿಯುತ್ತವೆ. ಇದನ್ನು ಕಲಿಸಿದವಳು ನನ್ನ ಅತ್ತೆ. ಅವಳು ಕೌದಿಗೆ ಹಚ್ಚುವ ತುಂಡುಗಳಿಗೆ ಬಣ್ಣ ಹಾಕುತ್ತಿದ್ದಳು, ಹೊಲಿಯುತ್ತಲೂ ಇದ್ದಳು. ನನಗೆ ಹೊಲಿಗೆ ಬರಲಿಲ್ಲ. ಸೂಜಿ ಹಿಡಿದರೆ ತೂಕಡಿಕೆ ಬರುತ್ತಿತ್ತು. ಬಣ್ಣ ಮಾತ್ರ ಕೈಗೆ ಹತ್ತಿತು. ಅತ್ತೆ ಹೋದಳು, ಗಂಡ ಹೋದ, ಖಾನಾಪುರದ ಹಿತ್ತಲಿನಲ್ಲಿ ಒಲೆ ಮತ್ತು ಎರಡು ಹಂಡೆ ಉಳಿದವು. ನನಗೆ ಅಷ್ಟು ಸಾಕಾಗಿತ್ತು.

ಐವತ್ತು ದಾಟಿದ ಮೇಲೆ ಊರಿನ ಹೆಂಗಸರಿಗೆ ಅಕ್ಷರ ಕಲಿಸಲು ಬಂದರು. ಆಗ ಕಲಿತ ಅಕ್ಷರದಲ್ಲೇ ಇದನ್ನು ಬರೆಯುತ್ತಿದ್ದೇನೆ. ಹೊಸ ಸಾವಿರ ವರ್ಷ ಬಂತೆಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ ನಡೆದದ್ದು ಇದು.

ಬೆಳಗಾವಿಯ ಕ್ಯಾಂಪಿನಲ್ಲಿ ಒಬ್ಬ ಬಾಯಿ ಇದ್ದರು; ದೊಡ್ಡ ಮನೆಯ ಹೆಂಗಸರನ್ನು ನಮ್ಮ ಕಡೆ ಬಾಯಿ, ಬಾಯಾರ ಎನ್ನುತ್ತೇವೆ. ಧಾರವಾಡದ ಕಡೆಯವರು. ಗಂಡ ಮಿಲಿಟರಿಯಿಂದ ನಿವೃತ್ತಿಯಾಗಿ ಅಲ್ಲೇ ಹಳೆಯ ಬಂಗಲೆಯೊಂದರಲ್ಲಿ ಉಳಿದುಕೊಂಡಿದ್ದರು. ಒಮ್ಮೆ ಖಾನಾಪುರಕ್ಕೆ ಯಾವುದೋ ಕೆಲಸಕ್ಕೆ ಬಂದ ಈ ಬಾಯಿ, ನನ್ನ ಬೇಲಿಯ ಮೇಲೆ ಒಣಗುತ್ತಿದ್ದ ಕೆಂಪು ತುಂಡುಗಳನ್ನು ನೋಡಿ ಕಾರು ನಿಲ್ಲಿಸಿದರು.

"ಆಯಿ, ಇದು ಯಾವ ಕಂಪನಿ ಬಣ್ಣ?"

"ಕಂಪನಿ ಎಲ್ಲೀದ್ರೀ, ಬೇರಿನ ಬಣ್ಣ."

ಅವರ ಬಂಗಲೆಯ ವರಾಂಡದಲ್ಲಿ ಹತ್ತು ಹನ್ನೆರಡು ಹೆಂಗಸರು ಕೂತು ಹೊಲಿಯುತ್ತಿದ್ದರು. ಹಳೆಯ ಬಟ್ಟೆಗಳನ್ನೇ ಕತ್ತರಿಸಿ, ಜೋಡಿಸಿ, ಮೇಲೆ ಕಸೂತಿ ಹಾಕಿ, ಗೋಡೆಗೆ ತೂಗುಹಾಕುವ ದೊಡ್ಡ ದೊಡ್ಡ ಕೌದಿ ಮಾಡುತ್ತಿದ್ದರು. ಮೊದಲ ಸಲ ಅದನ್ನು ನೋಡಿ ನಾನು ಕೇಳಿದೆ:

"ಹೊಚ್ಚಿಕೊಳ್ಳಾಕ ಅಲ್ಲೇನ್ರಿ ಬಾಯಾರ?"

"ಅಲ್ಲ ಆಯಿ, ಗ್ವಾಡಿಗೆ ಹಾಕಲಿಕ್ಕೆ."

"ನಿಮ್ಮ ಗ್ವಾಡಿಗೆ ಅಷ್ಟು ಥಂಡಿ ಹತ್ತತೈತೇನು?"

ಹೆಂಗಸರು ನಕ್ಕರು. ಬಾಯಿಯೂ ನಕ್ಕರು. ಅಂದಿನಿಂದ ಅವರಿಗೆ ಬೇಕಾದ ಬಣ್ಣದ ಬಟ್ಟೆಯನ್ನೆಲ್ಲ ನಾನೇ ಕೊಡುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ದಾಳಿಂಬೆ ಸಿಪ್ಪೆಯ ಹಳದಿ, ಅಳಲೆಕಾಯಿ ಮತ್ತು ಕಬ್ಬಿಣದ ಕಪ್ಪು, ಮಂಜಿಷ್ಠದ ಬೇರಿನ ಕೆಂಪು. ಅವರಿಗೆ ಕೆಂಪಿನ ಮೇಲೆ ಜೀವ.

ಕೆಂಪು ಅವಸರದ ಕೆಲಸವಲ್ಲ. ಮೊದಲು ಬಟ್ಟೆಯನ್ನು ಬೂದಿ ನೀರಿನಲ್ಲಿ ಕುದಿಸಿ, ಅದರ ಎಣ್ಣೆ, ಬೆವರು, ಗಂಜಿ ಎಲ್ಲ ತೆಗೆಯಬೇಕು. ಆಮೇಲೆ ಅಳಲೆಕಾಯಿ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಆಮೇಲೆ ಫಟಕಿ ನೀರು. ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಅದೇ ಫಟಕಿ. ಮತ್ತೆ ಒಣಗಿಸಿ ನಾಲ್ಕು ದಿನ ಸುಮ್ಮನೆ ಬಿಡಬೇಕು. ಕೊನೆಗೆ ಬೇರಿನ ನೀರಿನಲ್ಲಿ ಹಾಕಿ ಸಣ್ಣ ಉರಿಯಲ್ಲಿ ಅರ್ಧ ದಿನ. ಉರಿ ಜೋರಾದರೆ ಕೆಂಪು ಹೋಗಿ ಇಟ್ಟಂಗಿ ಬಣ್ಣವಾಗುತ್ತದೆ. ಇಷ್ಟು ಮಾಡಿದ ಕೆಂಪು, ಬಟ್ಟೆ ಹರಿದರೂ ಹೋಗುವುದಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ. ಹೇಳಿದ್ದೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಮಳೆಗಾಲ ಮುಗಿದ ಮೇಲೆ ಒಂದು ದಿನ, ರಸ್ತೆಯ ಎಸ್‌ಟಿಡಿ ಬೂತಿನವ ಬಂದು ಕ್ಯಾಂಪಿನಿಂದ ಫೋನು ಬಂದಿದೆ ಎಂದ. ಹೋಗಿ ಕಿವಿಗಿಟ್ಟುಕೊಂಡೆ. ಬಾಯಿ ಅಂದರು: "ಆಯಿ, ನಾಳೆ ಬರ್ರಿ. ಬಣ್ಣ ಬಿಟ್ಟದ."

ಅಷ್ಟಕ್ಕೇ ಫೋನು ಇಟ್ಟರು. ಮರುದಿನ ಮುಂಜಾನೆಯ ಪ್ಯಾಸೆಂಜರ್ ಹಿಡಿದು ಹೋದೆ.

ವರಾಂಡದ ಮೇಜಿನ ಮೇಲೆ ಒಂದು ದೊಡ್ಡ ಕೌದಿ ಹರವಿದ್ದರು. ಅದು ಬೆಳಗಾವಿಯಲ್ಲೇ ನಡೆಯಲಿದ್ದ ಒಂದು ಪ್ರದರ್ಶನಕ್ಕೆ ಹೋಗಬೇಕಾದದ್ದು. ನಡುವೆ ಲೇಸಿನಂತೆ ಹೆಣೆದ ಬಿಳಿ ಜಾಳಿಗೆಯ ಅಂಚಿನ ಮೇಜಿನ ಹಾಸು. ಅದು ಆ ಬಾಯಿಯ ತಾಯಿಯದು. ಆ ತಾಯಿ ಮದುವೆಗೆ ಮೊದಲು ಕೈಯಾರೆ ಹೆಣೆದದ್ದಂತೆ. ಅದರ ಸುತ್ತ ನನ್ನ ಕೆಂಪು ತುಂಡುಗಳನ್ನು ಚೌಕಟ್ಟಿನ ಹಾಗೆ ಹಚ್ಚಿದ್ದರು. ಪೆನ್ಸಿಲ್ ಗೆರೆ ಹೋಗಲೆಂದು ಕಡೆಗೆ ಒಮ್ಮೆ ನೀರಿಗೆ ಹಾಕಿದ್ದಾರೆ. ಬಿಳಿಯ ಮೇಲೆ ಒಂದು ಬದಿಯಿಂದ ಗುಲಾಬಿ ಕಲೆ ಹಬ್ಬಿಕೊಂಡು, ಮಗು ಕಾರಿಕೊಂಡ ಹಾಗೆ ಕಾಣುತ್ತಿತ್ತು.

ಬಾಯಿಯ ಕಣ್ಣು ಊದಿದ್ದವು. "ನೋಡ್ರಿ ಆಯಿ. ನಮ್ಮವ್ವಂದು ಇದೊಂದೇ ಉಳದಿತ್ತು."

ಹೊಲಿಯುವವರಲ್ಲಿ ಕಾಕತಿಯಿಂದ ಬರುವ ಒಬ್ಬಳಿದ್ದಳು. ಮಾತು ಬಹಳ. ಅವಳು ದಾರ ಕಡಿಯುತ್ತ ಅಂದಳು: "ಹೋಳಿ ಹುಣ್ಣಿವಿಗೆ ಖಾನಾಪುರದ ಸಂತ್ಯಾಗ ಪುಡಿ ಬಣ್ಣ ಬರತಾವಲ್ಲ, ಅದನ್ನ ಹಾಕ್ಯಾಳ ತಗೋರಿ. ಯಾರ ಕುಂತ ಅರ್ಧ ದಿನ ಕುದಸ್ತಾರ?"

"ನಿನ್ನ ಮುಸುಡಿಗೆ ಹಚ್ಚೇನೇನು ಪುಡಿ ಬಣ್ಣ?" ಎಂದೆ.

"ಹಚ್ಚಿದ್ರೂ ತೊಳದ್ರ ಹೋಗತೈತಿ ಬಿಡ ಆಯಿ, ನಿನ್ನ ಬಣ್ಣ ಅಲ್ಲೇನು!"

ಎಲ್ಲರೂ ನಕ್ಕರು. ಬಾಯಿ ನಗಲಿಲ್ಲ. ಒಳಗಿನ ಕಪಾಟು ತೆರೆದು ನನ್ನ ಬಟ್ಟೆಗಳನ್ನೆಲ್ಲ ತಂದು ಮೇಜಿನ ಮೇಲೆ ಇಟ್ಟರು. ಕೆಂಪಿನವೇ ಇಪ್ಪತ್ತೊಂಬತ್ತು ತುಂಡು. "ಇವನ್ನೆಲ್ಲಾ ವಾಪಸ್ ಒಯ್ರಿ. ಮುಂಬಯಿಯಿಂದ ಬಣ್ಣದ ಅರಿವಿ ತರಸ್ತೀನಿ. ಇನ್ನ ಇವನ್ನ ಮುಟ್ಟಲಿಕ್ಕೆ ನನಗ ಧೈರ್ಯ ಇಲ್ಲ. ಬ್ಯಾರೇದವರಿಗೂ ನನಗ ಸುಳ್ಳು ಹೇಳಲಿಕ್ಕೆ ಬರಂಗಿಲ್ಲ."

ಕಡೆಯ ಮಾತೇ ಚುಚ್ಚಿದ್ದು. ಶಹಾಪುರದಲ್ಲಿ ಒಂದು ಮನೆ, ಟಿಳಕವಾಡಿಯಲ್ಲಿ ಒಂದು ಮನೆ ನನ್ನ ಬಟ್ಟೆ ತೆಗೆದುಕೊಳ್ಳುತ್ತಿದ್ದವು. ಇಬ್ಬರೂ ಈ ಬಾಯಿಯ ಗೆಳತಿಯರು. ನಾಳೆ ಅವರ ಕಿವಿಗೆ ಹೋದರೆ ನನ್ನ ಒಲೆ ಆರಿದಂತೆ. ಬಣ್ಣ ಹಾಕುವವಳ ಬಣ್ಣ ಬಿಟ್ಟಿತು ಎಂದಾದ ಮೇಲೆ ಅವಳಿಗೆ ಯಾರೂ ಒಂದು ಹರಕು ಅರಿವೆಯನ್ನೂ ನಂಬಿ ಕೊಡುವುದಿಲ್ಲ. ಅರವತ್ತರ ಹತ್ತಿರ ಬಂದವಳು ಹೊಸದಾಗಿ ಯಾವ ಕೆಲಸ ಕಲಿಯಲಿ?

ಅಳುವುದು ನನಗೆ ಬರುವುದಿಲ್ಲ. ಸಿಟ್ಟು ಬರುತ್ತದೆ.

"ಬಾಯಾರ, ಒಳಗ ಗ್ಯಾಸ ಐತಲ್ಲ?"

"ಅದ. ಯಾಕ?"

"ದೊಡ್ಡ ಪಾತೇಲಿ ಇಡ್ರಿ. ಈ ಇಪ್ಪತ್ತೊಂಬತ್ತೂ ಒಂದೊಂದ ಕುದಿಸಿ ನೋಡ್ರಿ. ಸಾಬಣಾನೂ ಹಾಕ್ರಿ. ಸಂಗಾಟ ಒಂದ ಬಿಳೇ ಅರಿವಿ ಇರಲಿ. ಬಿಳೇದಕ್ಕ ಒಂದ ಹನಿ ಕೆಂಪ ಹತ್ತಿದ್ರ, ಎಲ್ಲಾ ಒಯ್ದು ತಿಪ್ಪಿಗೆ ಒಗೀತೀನಿ, ಮತ್ತ ನಿಮ್ಮ ಗೇಟ ದಾಟಂಗಿಲ್ಲ."

"ಹತ್ತಲಿಲ್ಲಂದ್ರ?"

"ಹತ್ತಲಿಲ್ಲಂದ್ರ, ಇಷ್ಟ ಮಂದಿ ಮುಂದ ಬಣ್ಣ ಬಿಟ್ಟದ ಅಂದ್ರಲ್ಲ, ಇಷ್ಟ ಮಂದಿ ಮುಂದನ ಇಲ್ಲ ಅನ್ರಿ."

ಬಾಯಿ ಹಿಂದೆ ಮುಂದೆ ನೋಡಿದರು. ಬಿಳಿ ಬಟ್ಟೆ ತರಲು ಯಾರೂ ಏಳಲಿಲ್ಲ. ಕ್ಯಾಂಪಿನಲ್ಲೇ ಹುಟ್ಟಿ ಬೆಳೆದ, ಬಹಳ ನಾಜೂಕಾಗಿ ಕಸೂತಿ ಹಾಕುವ ಒಬ್ಬ ಮುಸಲ್ಮಾನ ಹೆಂಗಸಿದ್ದಳು, ಎಲ್ಲರೂ ಖಾಲಾ ಎನ್ನುತ್ತಿದ್ದರು, ನನ್ನದೇ ವಯಸ್ಸು. ಅವಳು ತಲೆಯ ಮೇಲಿನ ಬಿಳಿ ಓಢಣಿ ತೆಗೆದು, ಚೀಲದಿಂದ ಇನ್ನೊಂದು ತೆಗೆದು ಹೊದ್ದುಕೊಂಡಳು. ತೆಗೆದದ್ದನ್ನು ನನ್ನ ಕೈಗೆ ಕೊಟ್ಟಳು. "ತಗೋ ಆಯಿ. ಕೆಂಪ ಆದ್ರ ಆಗವಲ್ದ್ಯಾಕ. ಈ ವಯಸ್ಸಿನಾಗ ನನಗೂ ಕೆಂಪ ಓಢಣಿ ಹೊಚ್ಚಿಕೊಂಡ ತಿರಗೂ ಚಾನ್ಸ ಸಿಗತೈತಿ."

ಹೊಲಿಗೆ ಬಿಟ್ಟು ಎಲ್ಲರೂ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತರು. ಪಾತೇಲಿಯನ್ನು ನಾನು ಮುಟ್ಟಲಿಲ್ಲ. ನೀರು ಹಾಕಿದ್ದು ಬಾಯಿ, ಸಾಬೂನು ಕೆರೆದು ಹಾಕಿದ್ದು ಕಾಕತಿಯವಳು. ನಾನು ಬಟ್ಟೆಯನ್ನು ಒಂದೊಂದಾಗಿ ಕೊಡುವುದು, ಅವರು ಓಢಣಿಯ ಜೊತೆ ಮುಳುಗಿಸುವುದು, ಕುದಿ ಬಂದ ಮೇಲೆ ಲಟ್ಟಣಿಗೆಯಿಂದ ಎತ್ತಿ ನೋಡುವುದು. ಮೊದಲನೆಯದು ಇಳಕಲ್ ಸೀರೆಯ ಒಡಲು. ಓಢಣಿ ಬಿಳಿಯೇ ಇತ್ತು. ಎರಡನೆಯದು ಹಾಸಿಗೆಯ ಬಟ್ಟೆ. ಬಿಳಿ. ಮೂರು, ನಾಲ್ಕು, ಐದು. ನೀರಿಗೆ ಚಹಾದ ಬಣ್ಣ ಸ್ವಲ್ಪ ಬಂತು, ಅದು ಅಳಲೆಕಾಯಿಯದು ಎಂದೆ. ಓಢಣಿ ಹಿಂಡಿ ಬೆಳಕಿಗೆ ಹಿಡಿದು ನೋಡಿದರು. ಕೆಂಪಿನ ಸುಳಿವಿಲ್ಲ.

ಹತ್ತು ದಾಟುವಾಗ ಕಾಕತಿಯವಳು ಮಾತು ನಿಲ್ಲಿಸಿದ್ದಳು. ಹದಿನೈದಕ್ಕೆ ಬಾಯಿ ನನಗೆ ಕುರ್ಚಿ ತರಿಸಿದರು. ನಾನು ಕೂಡಲಿಲ್ಲ.

ಮುಂದಿನ ಬಟ್ಟೆ ತೆಗೆಯಲು ರಾಶಿಗೆ ಕೈ ಹಾಕಿದಾಗ ಒಂದು ತುಂಡು ಬೆರಳಿಗೆ ಸಿಕ್ಕಿತು. ಅಂಚಿನಲ್ಲಿ ಕಡ್ಡಿಯಷ್ಟು ತೆಳ್ಳನೆಯ ಕಪ್ಪು ಗೆರೆ. ಮೇಜಿನ ಮೇಲಿನ ಕೌದಿಯಲ್ಲಿ ಕಲೆ ಎಲ್ಲಿಂದ ಹಬ್ಬಿತ್ತೋ ಅಲ್ಲಿಯೂ ಇದೇ ಗೆರೆಯ ತುಂಡಿತ್ತು. ಸಿಟ್ಟಿನಲ್ಲಿ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ.

ನಂದಗಡದ ಸಾವಕಾರರ ಧೋತರ ಅದು.

ಬೇಸಿಗೆಯಲ್ಲಿ ಸಂತೆಯ ದಿನ ನಂದಗಡಕ್ಕೆ ಹೋಗಿ, ಮನೆ ಮನೆ ತಿರುಗಿ ಹಳೆಯ ಬಟ್ಟೆ ಕೇಳುತ್ತಿದ್ದೆ. ಬಟ್ಟೆಯಲ್ಲಿ ಗಂಜಿ ಇದೆಯೋ ಇಲ್ಲವೋ ನೋಡಲು ನನಗೊಂದು ರೀತಿ ಇತ್ತು, ಅತ್ತೆಯದೇ. ಬಟ್ಟೆಯ ತುದಿಯನ್ನು ನಾಲಿಗೆಗೆ ಹಚ್ಚುವುದು. ಗಂಜಿ ಇದ್ದರೆ ನಾಲಿಗೆ ಜಿಗುಟಾಗಿ, ಹಳಸಿದ ಅನ್ನದ ರುಚಿ ಬರುತ್ತದೆ. ಅಂಥದ್ದನ್ನು ಮೂರು ಸಲ ಬೂದಿ ನೀರಿನಲ್ಲಿ ಕುದಿಸಬೇಕು. ಇಲ್ಲದಿದ್ದರೆ ಬಣ್ಣ ನೂಲಿಗೆ ಹತ್ತದೆ ಗಂಜಿಯ ಮೇಲೆ ಕೂತಿರುತ್ತದೆ. ಗಂಜಿ ಎದ್ದು ಹೋದ ದಿನ ಬಣ್ಣವೂ ಅದರ ಹಿಂದೆ ಹೊರಡುತ್ತದೆ.

ಸಾವಕಾರರು ಪಡಸಾಲೆಯಲ್ಲಿ ಕೂತಿದ್ದರು. ದೊಡ್ಡ ಮನುಷ್ಯರು. ಅವರೇ ಒಳಗಿನಿಂದ ಧೋತರ ತರಿಸಿ ನನ್ನ ಮುಂದೆ ಹಾಕಿಸಿದರು. ಅವರ ಹೆಂಡತಿ ಬಾಗಿಲ ಹಿಂದೆ ಸೆರಗು ಹಿಡಿದು ನಿಂತಿದ್ದಳು. ನಾನು ಧೋತರದ ತುದಿ ಎತ್ತಿದೆ, ಬಾಯಿಯ ತನಕ ತಂದೆ. ಸಾವಕಾರರು ನನ್ನನ್ನೇ ನೋಡುತ್ತಿದ್ದರು. ಗಂಡ ಸತ್ತವಳು, ಪರ ಗಂಡಸಿನ ಧೋತರ, ಅವನ ಪಡಸಾಲೆಯಲ್ಲಿ, ಅವನ ಹೆಂಡತಿಯ ಎದುರಿಗೆ, ನಾಲಿಗೆಗೆ ಹಚ್ಚುವುದು ಹೇಗೆ? ಕೈ ಕೆಳಗಿಳಿಯಿತು. ಬಾಯಿಮಾತಿನಲ್ಲೇ ಕೇಳಿದೆ:

"ಗಂಜಿ ಹಾಕಿದ್ದೇನ್ರಿ ಸಾವಕಾರ?"

"ಛೇ, ನಮ್ಮನ್ಯಾಗ ಧೋತರಕ್ಕ ಗಂಜಿ ಹಾಕೂ ಪದ್ಧತೀನ ಇಲ್ಲ," ಎಂದರು.

ಬಾಗಿಲ ಹಿಂದಿನ ಹೆಂಡತಿ ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. ನಾನು ಅದನ್ನು ನೋಡಿದೆ. ನೋಡಿಯೂ ಕಟ್ಟಿಕೊಂಡು ಬಂದೆ. ಮನೆಗೆ ಬಂದ ಮೇಲಾದರೂ ನಾಲಿಗೆಗೆ ಹಚ್ಚಬಹುದಿತ್ತು. ದೊಡ್ಡವರು ಹೇಳಿದ್ದಾರೆ ಬಿಡು ಎಂದು ಒಂದೇ ಸಲ ಕುದಿಸಿ ಮುಗಿಸಿದೆ.

ಈಗ ಕ್ಯಾಂಪಿನ ಅಡುಗೆ ಮನೆಯಲ್ಲಿ, ಕುದಿಯುವ ಪಾತೇಲಿಯ ಮುಂದೆ, ಆ ತುಂಡು ನನ್ನ ಕೈಯಲ್ಲಿತ್ತು. ಯಾರೂ ನನ್ನ ಕೈ ನೋಡುತ್ತಿರಲಿಲ್ಲ, ಎಲ್ಲರ ಕಣ್ಣು ಪಾತೇಲಿಯ ಮೇಲಿತ್ತು. ಸೆರಗಿನೊಳಗೆ ಸರಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಒಂದು ಕ್ಷಣದ ಕೆಲಸ. ಖರೇ ಹೇಳುತ್ತೇನೆ, ಅರ್ಧ ಸರಿಸಿದ್ದೆ. ಆಮೇಲೆ ತೆಗೆದು ಎಲ್ಲಕ್ಕಿಂತ ಕೆಳಗೆ ಇಟ್ಟೆ. ಉಳಿದವು ಮೊದಲು ಆಗಲಿ. ನನ್ನ ಇಪ್ಪತ್ತೆಂಟು ಬಟ್ಟೆ ಒಂದು ಧೋತರದ ನೆರಳಿನಲ್ಲಿ ಯಾಕೆ ನಿಲ್ಲಬೇಕು?

ಇಪ್ಪತ್ತೆಂಟಕ್ಕೂ ಓಢಣಿ ಬಿಳಿಯೇ ಉಳಿಯಿತು. ಬಾಯಿ ಮಾತಾಡುವ ಮೊದಲೇ ಕೊನೆಯದನ್ನು ಎತ್ತಿ ತೋರಿಸಿದೆ.

"ಇದು ಬಿಡತೈತಿ. ನೋಡ್ರಿ."

ನಾನೇ ನೀರಿಗೆ ಹಾಕಿದೆ. ಕುದಿ ಬರುವ ತನಕವೂ ತಡೆಯಲಿಲ್ಲ. ಅಮಸೂಲ ಸಾರಿನ ಹಾಗೆ ನೀರು ಕೆಂಪಾಯಿತು. ಖಾಲಾಳ ಓಢಣಿಯ ಒಂದು ಮೂಲೆ ಗುಲಾಬಿಯಾಯಿತು.

"ಯಾ ಅಲ್ಲಾ," ಎಂದಳು ಖಾಲಾ, "ಖರೇನ ಮದುಮಗಳ ಮಾಡಿದಿ."

ಬಾಯಿ ಲಟ್ಟಣಿಗೆ ಕೆಳಗಿಟ್ಟರು. "ಒಂದ ಬಿಟ್ಟದ ಅಂದ ಮ್ಯಾಲ, ಉಳದದ್ದು ಮುಂದ ಬಿಡಂಗಿಲ್ಲ ಅಂತ ನಾ ಹೆಂಗ ನಂಬಲಿ ಆಯಿ?"

"ನಂಬಬ್ಯಾಡ್ರಿ. ನಂಬ್ರಿ ಅಂತ ನಾ ಯಾವಾಗ ಅಂದೆ? ಕುದಿಸಿ ನೋಡ್ರಿ ಅಂದೆ, ನೋಡಿದ್ರಿ. ಇದು ಯಾಕ ಬಿಟ್ಟಿತು ಅನ್ನೂದನ್ನ ಹೇಳತೀನಿ, ಕೇಳ್ರಿ."

ಹೇಳಿದೆ. ನಂದಗಡದ ಪಡಸಾಲೆ, ಧೋತರ, ನಾಲಿಗೆ, ನಾಚಿಕೆ, ಎಲ್ಲ. ಮುಚ್ಚಿಡುವುದು ಏನಿತ್ತು? ನಾನು ಮುಗಿಸುವ ಮೊದಲೇ ಕಾಕತಿಯವಳು ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ಬಗ್ಗಿ ನಗುತ್ತಿದ್ದಳು.

"ಯವ್ವಾ ಯವ್ವಾ! ಸಾವಕಾರನ ಧೋತರ ನೆಕ್ಕಾಕ ನಾಚಿಕಿ ಬಂತೇನ ನಿನಗ?"

"ನಿನ್ನ ಗಂಡನ ಧೋತರ ತಂದ ಕೊಡು, ಈಗ ನೆಕ್ಕತೀನಿ."

"ನಮ್ಮವ ಪ್ಯಾಂಟ ಹಾಕ್ತಾನ ಆಯಿ, ಬದಕಿದ!"

ಅಡುಗೆ ಮನೆಯೆಲ್ಲ ನಗು. ಖಾಲಾ ಮಾತ್ರ ನಗದೆ, "ಗಂಜಿ ಹಾಕೂಕಿ ಆ ಹೆಣಮಗಳು," ಎಂದಳು. "ಗಂಡಸಿಗೇನ ಗೊತ್ತು ತನ್ನ ಧೋತರ ಹೆಂಗ ಸೆಟದ ನಿಂದರತೈತಿ ಅಂತ. ನೀ ಆಕಿನ್ನ ಕೇಳಬೇಕಿತ್ತು."

ನಿಜ. ಅವಳು ಗಂಡನ ಮುಂದೆ ಬಾಯಿ ಮುಚ್ಚಿಕೊಂಡಳು, ನಾನು ನಾಲಿಗೆ ಒಳಗೆಳೆದುಕೊಂಡೆ. ಗಂಜಿ ಗೊತ್ತಿದ್ದ ಹೆಂಗಸರು ಇಬ್ಬರೂ ಸುಮ್ಮನಿದ್ದೆವು, ಗೊತ್ತಿಲ್ಲದ ಗಂಡಸು ಮಾತಾಡಿದ. ಅದರ ಕಲೆ ಕ್ಯಾಂಪಿನ ಬಂಗಲೆಯಲ್ಲಿ ಒಬ್ಬ ತಾಯಿಯ ಬಿಳಿ ಬಟ್ಟೆಯ ಮೇಲೆ ಬಂದು ಕೂತಿತು. ಅಂದಿನಿಂದ ನಾನು ಯಾರ ಮನೆಗೆ ಹೋದರೂ ಬಟ್ಟೆ ಒಗೆಯುವವರು ಯಾರು ಎಂದು ಕೇಳಿ ಅವರ ಜೊತೆಗೇ ಮಾತಾಡುತ್ತೇನೆ. ಎದುರಿಗೆ ಯಾರೇ ಕೂತಿರಲಿ, ನಾಲಿಗೆಗೂ ಹಚ್ಚುತ್ತೇನೆ.

ನಗು ಮುಗಿಯಿತು. ಹೆಂಗಸರು ವರಾಂಡಕ್ಕೆ ಹೋಗಿ ಸೂಜಿ ಹಿಡಿದರು. ಬಾಯಿ ಒದ್ದೆ ಬಟ್ಟೆಗಳನ್ನು ಹಗ್ಗಕ್ಕೆ ಹಾಕಿಸಿದರು. ಚಹಾ ಬಂತು. ನಾನು ಕುಡಿದೆ. ಆದರೆ ಏಳಲಿಲ್ಲ.

"ಆಯಿ, ಗಾಡಿ ಟೈಮ ಆತಲ್ಲ?"

"ಇನ್ನೊಂದ ಗಾಡಿ ಐತಿ. ನಿಮ್ಮ ಮಾತ ಉಳದೈತ್ರಿ ಬಾಯಾರ."

"ಯಾವ ಮಾತು?"

"ಮುಂಜಾನೆ ಆಡಿದ್ರಲ್ಲ, ಇಷ್ಟ ಮಂದಿ ಮುಂದ. ತಪ್ಪ ಒಂದ ನಂದು, ಒಪ್ಪಿದೆ. ಇಪ್ಪತ್ತೆಂಟು ನಿಮ್ಮದು."

ಬಾಯಿಯ ಮುಖ ಕೆಂಪೇರಿತು. ದೊಡ್ಡ ಮನೆಯವರಿಗೆ ಇಂಥ ಮಾತು ಬಹಳ ಕಷ್ಟ. ಒಳಗೆ ಹೋದರು, ಹೊರಗೆ ಬಂದರು, ಯಾವುದೋ ದಾರದ ಉಂಡೆ ಎತ್ತಿ ಬೇರೆ ಕಡೆ ಇಟ್ಟರು. ನಾನು ಮೆಟ್ಟಿಲ ಮೇಲೆ ಕೂತೇ ಇದ್ದೆ. ಕಡೆಗೆ ಅವರು ವರಾಂಡದ ನಡುವೆ ನಿಂತು, ಯಾರ ಮುಖವನ್ನೂ ನೋಡದೆ ಅಂದರು: "ಆಯಿ ಬಣ್ಣ ಬಿಡಂಗಿಲ್ಲ. ಪುಡಿ ಬಣ್ಣ ಅಲ್ಲ. ನಾವು ಕುದಿಸಿ ನೋಡೇವಿ. ಯಾರರೆ ಕೇಳಿದ್ರ ಹಂಗ ಹೇಳ್ರಿ." ಕಾಕತಿಯವಳ ಕಡೆ ತಿರುಗಿ, "ನೀನೂ," ಎಂದರು.

"ನಾ ಎಲ್ಲಿ ಏನಂದೆರೀ?" ಎಂದಳು ಅವಳು.

ಆಮೇಲೆ ಬಾಯಿ ತಾಯಿಯ ಹಾಸನ್ನು ಹೊಲಿಗೆ ಬಿಚ್ಚಿ ಬೇರೆ ಮಾಡಿ ನನ್ನ ಮುಂದೆ ಹಿಡಿದರು. "ಇದಕ್ಕ ಏನ ಮಾಡೂಣು? ಕಲೆ ಹೋಗತದೇನು?"

"ಹೋಗಂಗಿಲ್ರಿ. ಬಿಳೇದು ಹೋತು. ಅದನ್ನ ಮರೀರಿ."

"ಕಪ್ಪ ಹಾಕ್ರಿ ಹಂಗಾದ್ರ. ಎಲ್ಲಾ ಮುಚ್ಚಿ ಹೋಗಲಿ."

ಕಪ್ಪು ಹಾಕಿದ್ದರೆ ನನ್ನ ತಪ್ಪು ಆ ದಿನವೇ ಮುಚ್ಚಿ ಹೋಗುತ್ತಿತ್ತು. ಆದರೆ ನನ್ನ ಕಪ್ಪು ಕಬ್ಬಿಣದ್ದು. ಕಬ್ಬಿಣ ಹಳೆಯ ನೂಲನ್ನು ತಿನ್ನುತ್ತದೆ. ಇಷ್ಟು ತೆಳ್ಳನೆಯ ಜಾಳಿಗೆ ನಾಲ್ಕೈದು ವರ್ಷದಲ್ಲಿ ಮುಟ್ಟಿದರೆ ಉದುರುವ ಹಾಗಾಗುತ್ತದೆ. ಹಾಗೆಂದು ಹೇಳಿದೆ.

"ಮತ್ತೇನ ಹಾಕ್ತೀರಿ?"

"ಕೆಂಪು."

"ಅದೇ ಕೆಂಪು?"

"ಅದೇ. ಬ್ಯಾರೇ ಕೆಂಪು ನನ್ನ ಹತ್ರ ಇಲ್ಲ. ಕಲೆ ಹಾಕಿದ್ದು ಅದೇ, ಕಲೆ ನುಂಗೂದೂ ಅದೇ. ಆದ್ರ ಖಾನಾಪುರಕ್ಕ ಒಯ್ಯಂಗಿಲ್ಲ. ನಿಮ್ಮ ಹಿತ್ತಲದಾಗ ಮಾಡತೀನಿ, ನೀವು ನೋಡಕೋತ ನಿಂದರ್ರಿ."

ಅವರು ಬಹಳ ಹೊತ್ತು ಆ ಬಟ್ಟೆಯನ್ನು ಕೊಡಲೂ ಇಲ್ಲ, ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಕಡೆಗೆ ನನ್ನ ಮಡಿಲಿಗೆ ಹಾಕಿ ಒಳಗೆ ಹೋಗಿಬಿಟ್ಟರು.

ಹತ್ತು ದಿನ ಹಿಡಿಯಿತು. ಬೂದಿ, ಅಳಲೆಕಾಯಿ, ಬೇರು, ಎಲ್ಲ ಖಾನಾಪುರದಿಂದ ಚೀಲದಲ್ಲಿ ಹೊತ್ತೆ. ಮೂರು ಕಲ್ಲಿಟ್ಟು ಒಲೆ ಮಾಡಿದೆ. ಬಂಗಲೆಯ ಮಾಲಿ ಹುಲ್ಲು ಸುಟ್ಟಿತು ಎಂದು ಬಯ್ದ, ನಾನೂ ಬಯ್ದೆ. ಹೆಂಗಸರು ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದುಕೊಂಡು ಬಂದು ನೋಡುತ್ತಿದ್ದರು. ಬೇರಿನ ನೀರಿಗೆ ಹಾಕಿದ ದಿನ ಬಾಯಿ ಮುಂಜಾನೆಯಿಂದ ಸಂಜೆಯ ತನಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಉರಿ ಹೆಚ್ಚಾದರೆ ಅವರೇ ಕಟ್ಟಿಗೆ ಹಿಂದಕ್ಕೆ ಎಳೆಯುವಷ್ಟು ಕಲಿತಿದ್ದರು.

ಬಟ್ಟೆ ಹೊರಗೆ ಬಂತು. ಹೂವು, ಬಳ್ಳಿ, ತೂತು ಎಲ್ಲ ಹಾಗೆಯೇ ಇದ್ದವು. ಕಲೆ ಎಲ್ಲಿತ್ತೆಂದು ಕಲೆ ಹಾಕಿದ ನನಗೇ ಸಿಗಲಿಲ್ಲ. ಮೂರು ನೀರಿನಲ್ಲಿ ಜಾಲಿಸಿದೆ. ನಾಲ್ಕನೆಯ ನೀರು ಕುಡಿಯುವಷ್ಟು ತಿಳಿಯಾಗಿತ್ತು. ಹಿಂಡದೆ ಹಗ್ಗಕ್ಕೆ ಹಾಕಿ ಕೈ ತೊಳೆದುಕೊಂಡೆ.

ಬಾಯಿ ಹತ್ತಿರ ಬಂದು, ಸ್ವಲ್ಪ ಸಂಕೋಚದಿಂದ ಕೇಳಿದರು: "ಆಯಿ, ಒಣಗಿದ ಮ್ಯಾಲ ಒಮ್ಮೆ ಕುದಿಸಿ ನೋಡಲೇನು? ಸಿಟ್ಟಿಗೆ ಬರಬ್ಯಾಡ್ರಿ ಮತ್ತ."

"ಸಿಟ್ಟ ಯಾಕ್ರಿ? ಒಮ್ಮೆ ಅಲ್ಲ, ಮೂರ ಸಲ ಕುದಿಸ್ರಿ. ನಿಮ್ಮ ಎಲ್ಲಾದಕಿಂತ ಚಲೋ ಬಿಳೇ ಸೀರಿ ಸಂಗಾಟ ಹಾಕ್ರಿ."

"ಇದ್ದು ನೋಡಿ ಹೋಗಂಗಿಲ್ಲೇನು?"

"ನಾ ಯಾಕ ನೋಡಲಿ?" ಎಂದೆ. ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ನಡೆದೆ. ಗಾಡಿಗೆ ಹೊತ್ತಾಗಿತ್ತು, ಖಾನಾಪುರದ ಒಲೆಯ ಪಕ್ಕ ಬೇರೆಯವರ ಬಟ್ಟೆ ನನ್ನ ದಾರಿ ಕಾಯುತ್ತಿತ್ತು.